ಹೆಣದ ಮುಂದೆ ಎರಡು ಕ್ಯಾಮೆರಾ

ಸಾವಿನ ಮನೆಯಲ್ಲಿ ನಗಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ನಗು ತಡೆಯೋಕಾಗದಂಥವೆಲ್ಲ ಅಲ್ಲೇ ಯಾಕೆ ನಡೀತವೆ ಅನ್ನೋದು ಮಾತ್ರ ಮೂವತ್ತು ವರ್ಷದಿಂದ ಹೆಣದ ಫೋಟೋ ತೆಗೀತಾ ಇರೋ ನನಗೂ ಇನ್ನೂ ಗೊತ್ತಾಗಿಲ್ಲ.

ಮಧುಗಿರಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮೊದಲೆಲ್ಲ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಾ ಮಾಡ್ತಿದ್ದೆ. ಡ್ರೋನ್ ಹಾರಿಸೋರು ಬಂದ ಮೇಲೆ ಮದುವೆಗಳು ಅವರ ಪಾಲಾದವು, ಸಾವುಗಳು ನನ್ನ ಪಾಲಿಗೆ ಉಳಿದವು. ಎಲ್ಲರ ಕೈಯಲ್ಲೂ ಮೊಬೈಲಿದೆ, ನಿನ್ನನ್ಯಾಕೆ ಕರೀತಾರೆ ಅಂತ ನೀವು ಕೇಳಬಹುದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸತ್ತವರನ್ನ ಸ್ನಾನ ಮಾಡಿಸಿ, ಹಣೆ ತುಂಬಾ ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸ್ತಾರೆ. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಅಕ್ಕಪಕ್ಕ ಕೂತು ಕೊನೇದಾಗಿ ಒಂದು ಫೋಟೋ ತೆಗೆಸ್ಕೊಂಡ ಮೇಲೇ ಎತ್ತೋದು. ಆ ಫೋಟೋ ಮನೆಯಲ್ಲಿ ಇರಲೇಬೇಕು, ಆದರೆ ಯಾರ ಮೊಬೈಲಲ್ಲೂ ಇರಬಾರದು. ಹೆಣವನ್ನ ಜೇಬಲ್ಲಿಟ್ಕೊಂಡು ಓಡಾಡೋಕೆ ಯಾರಿಗೆ ಧೈರ್ಯ ಇದೆ? ನನ್ನ ಜೇಬಲ್ಲಿದ್ರೆ ಮಾತ್ರ ಯಾರಿಗೂ ಏನೂ ಅಭ್ಯಂತರ ಇಲ್ಲ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಎರಡು ವರ್ಷದಿಂದ ನನ್ನ ಬಲಗೈ ನಡುಗುತ್ತೆ. ಡಾಕ್ಟರು ನರದ ತೊಂದರೆ ಅಂದ್ರು, ಮಾತ್ರೆ ಬರ್ಕೊಟ್ರು, ಪೂರ್ತಿ ವಾಸಿಯಾಗಲ್ಲ ಅಂತಾನೂ ಹೇಳಿದ್ರು. ನನ್ನ ಹೆಂಡತಿಯನ್ನ ಬಿಟ್ಟು ಯಾರಿಗೂ ಇದು ಗೊತ್ತಿರಲಿಲ್ಲ. ಗೊತ್ತಾಗಲೂ ಬಾರದಾಗಿತ್ತು. ಮಧುಗಿರಿಯಲ್ಲಿ ಬೆಳಿಗ್ಗೆ ಒಬ್ಬರ ಕಿವಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಶಿರಾ, ಕೊರಟಗೆರೆ, ಪಾವಗಡ ಎಲ್ಲಾ ಸುತ್ತಿ ಬರುತ್ತೆ. ಮದುವೆಯಲ್ಲಿ ಫೋಟೋ ಅಲ್ಲಾಡಿದ್ರೆ ಗಂಡು ಹೆಣ್ಣನ್ನ ಇನ್ನೊಂದ್ಸಲ ನಿಲ್ಲಿಸಬಹುದು. ಹೆಣವನ್ನ ನಾಳೆ ಬನ್ನಿ ಅನ್ನೋಕಾಗುತ್ತಾ? ಕೈ ನಡುಗೋ ಫೋಟೋಗ್ರಾಫರನ್ನ ಯಾರೂ ಕರೆಯಲ್ಲ. ಐವತ್ತೆಂಟನೇ ವಯಸ್ಸಲ್ಲಿ ನನಗೆ ಬೇರೆ ಕೆಲಸವೂ ಬರಲ್ಲ, ಬೇರೆ ಕೆಲಸ ನನಗೆ ಬೇಕಾಗೂ ಇಲ್ಲ.

ಇಂಥ ಹೊತ್ತಲ್ಲಿ ಹಳೇ ಕ್ಯಾಮೆರಾ ಕೈಜಾರಿ ಒಬ್ಬರ ಮನೆ ರುಬ್ಬೋ ಕಲ್ಲಿನ ಮೇಲೆ ಬಿದ್ದು ಸತ್ತೋಯ್ತು. ತುಮಕೂರಿನಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿರೋ ಶಿರಾದ ಸಾಹೇಬ್ರ ಹತ್ರ ಓಡಿದೆ. ಅವರು ಎರಡು ಕ್ಯಾಮೆರಾ ತೆಗೆದು ಮುಂದೆ ಇಟ್ರು.

"ದೇಖೋ ಅಣ್ಣ, ಇದು ಕಾಂಪ್ಯಾಕ್ಟ್. ಷರ್ಟ್ ಜೇಬಿಗೆ ಹಾಕ್ಕೊಂಡು ಹೋಗು. ತೂಕ ಇಲ್ಲ, ಫ್ಲಾಶ್ ಇದೆ, ತಲೆಬಿಸಿ ಇಲ್ಲ. ಇದು ಮಿರರ್‌ಲೆಸ್. ಅದರಲ್ಲಿ ಕೆಳಗಿನ ಮಾಡೆಲ್ಲೇ, ಆದ್ರೂ ನೋಡೋಕೆ ಕ್ಯಾಮೆರಾ ಥರ ಇದೆ. ಫೋಟೋ ಒಂದು ತೂಕ ಮೇಲೆ. ಆದ್ರೆ ಭಾರ, ಫ್ಲಾಶೂ ಇಲ್ಲ. ಎರಡೂ ತಗೊಂಡೋಗಿ ಹದಿನೈದು ದಿನ ನೋಡು. ಒಂದು ಇಟ್ಕೋ, ಒಂದು ವಾಪಸ್ ಕೊಡು."

"ಹದಿನೈದು ದಿನದಲ್ಲಿ ಯಾರೂ ಸಾಯದಿದ್ರೆ?" ಅಂದೆ.

"ಮೇಲಿರೋನು ದೊಡ್ಡೋನು ಅಣ್ಣ, ಕೈ ಬಿಡಲ್ಲ" ಅಂದ್ರು. ಏನಂದೆ ಅಂತ ಆಮೇಲೆ ಹೊಳೆದು, ತೌಬಾ ತೌಬಾ ಅಂತ ಎರಡೂ ಕೆನ್ನೆ ಬಡ್ಕೊಂಡ್ರು.

ಕೊರಟಗೆರೆ: ಕಣ್ಣು ಮಿಟುಕಿಸಿದ್ದು

ಮೂರನೇ ದಿನಕ್ಕೆ ಕೊರಟಗೆರೆಯಿಂದ ಫೋನು. ಅಕ್ಕಿ ಮಿಲ್ಲಿನ ಯಜಮಾನ್ರು ಹೋಗಿಬಿಟ್ಟಿದ್ರು. ಭಾರ ಇಲ್ಲದ್ದನ್ನೇ ಮೊದಲು ನೋಡೋಣ ಅಂತ ಕಾಂಪ್ಯಾಕ್ಟನ್ನ ಜೇಬಿಗೆ ಹಾಕ್ಕೊಂಡು ಹೊರಟೆ.

ಮೊದಲನೇ ತಪ್ಪು ಅಲ್ಲೇ ಆಯ್ತು. ಜೇಬಿಂದ ತೆಗೆದದ್ದು ನೋಡಿ ಯಜಮಾನ್ರ ತಮ್ಮ, "ಏನ್ ಸ್ವಾಮಿ, ನಮ್ಮಣ್ಣ ಇಷ್ಟು ದೊಡ್ಡ ಮನುಷ್ಯ, ನೀವು ಬೆಂಕಿಪೊಟ್ಟಣ ತಂದಿದ್ದೀರಲ್ಲ" ಅಂದ. ಹೊಸ ಮಾಡೆಲ್ಲು, ಫಾರಿನ್ನಲ್ಲೆಲ್ಲ ಇದೇ ಅಂತ ಬಾಯಿ ಮುಚ್ಚಿಸಿದೆ.

ಒಂದು ಫೋಟೋ ಒತ್ತಿದೆ. ಆ ಹಾಳಾದ್ದು ಪರದೆ ಮೇಲೆ ಇಂಗ್ಲಿಷಲ್ಲಿ ಏನೋ ಬರ್ಕೊಂಡು ನಿಂತ್ಕೊಂತು. ಕನ್ನಡಕ ಹುಡುಕ್ತಾ ಇದ್ದೆ, ಅಷ್ಟರಲ್ಲಿ ಹಿಂದೆ ನಿಂತಿದ್ದ ಬ್ಯಾಂಕಲ್ಲಿ ಕೆಲಸ ಮಾಡೋ ಅವರ ಅಳಿಯ ಬಗ್ಗಿ ನೋಡಿ ಗಟ್ಟಿಯಾಗಿ ಓದೇಬಿಟ್ಟ. "ಯಾರಾದ್ರೂ ಕಣ್ಣು ಮಿಟುಕಿಸಿದ್ರಾ ಅಂತ ಕೇಳ್ತಿದೆ." ಅಷ್ಟಕ್ಕೆ ಸುಮ್ಮನಾಗಬೇಕೋ ಬೇಡವೋ? "ಮಾವನ ಮುಖದ ಸುತ್ತಾನೇ ಚೌಕ ಹಾಕಿದೆ" ಅಂದ.

"ಅಣ್ಣಾ!" ಅಂತ ತಮ್ಮ ಎದ್ದ. ಹಾರ ಕಿತ್ತರು. ಒಬ್ಬ ಮೂಗಿನ ಹತ್ರ ಕನ್ನಡಿ ಹಿಡಿದ, ಒಬ್ಬ ಅಂಗಾಲು ತಿಕ್ಕಿದ, ಇನ್ನೊಬ್ಬ ನರ್ಸನ್ನ ಕರೆಯೋಕೆ ಬೈಕು ಹತ್ತಿದ. "ಅಯ್ಯೋ, ಅದು ಮಷಿನ್ನು ಕಣ್ರಪ್ಪ, ಕಣ್ಣು ಮುಚ್ಚಿದ್ರೆ ಎಲ್ಲರಿಗೂ ಅಂಗೇ ಕೇಳ್ತದೆ" ಅಂತ ನಾನು ಬಡ್ಕೊಂಡೆ. ಯಾರೂ ಕೇಳಿಸ್ಕೊಳ್ಳಲಿಲ್ಲ. ಯಜಮಾನ್ರ ಹೆಂಡತಿ ಮಾತ್ರ ಕೂತಲ್ಲೇ ಮುಂದಕ್ಕೆ ಬಾಗಿ ಗಂಡನ ರೆಪ್ಪೆಯನ್ನೇ ನೋಡ್ತಿದ್ರು. ಆ ಮುಖ ನೋಡಿ, ಆ ಕ್ಯಾಮೆರಾನ ಹಿತ್ತಲ ಬಾವಿಗೆ ಎಸೆದು ಮನೆಗೆ ಹೋಗಬೇಕು ಅನ್ನಿಸ್ತು.

ನರ್ಸು ಬಂದು ನೋಡಿ ಇಲ್ಲ ಅಂತ ತಲೆ ಆಡಿಸಿದ್ರು. ಎಲ್ಲರೂ ಮತ್ತೊಂದು ಸುತ್ತು ಅತ್ತರು. ಮತ್ತೆ ಹಾರ ಹಾಕಿ, ಮತ್ತೆ ಕೂರಿಸಿದ್ರು. ನಾನು ಆ ಅಮ್ಮನ ಕಾಲಿಗೆ ಬೀಳೋದೊಂದು ಬಾಕಿ. ಅವರು ಸೆರಗಿಂದ ಮೂಗು ಒರೆಸ್ಕೊಂಡು ನನ್ನ ಕಡೆ ತಿರುಗಿದ್ರು.

"ನಲವತ್ತು ವರ್ಷ ಎದುರಿಗೇ ಓಡಾಡಿದೀನಿ, ನನ್ನನ್ನ ಕಣ್ಣೆತ್ತಿ ನೋಡ್ಲಿಲ್ಲ ಕಣಪ್ಪ ಈ ಮನುಷ್ಯ. ನಿನ್ನ ಬೆಂಕಿಪೊಟ್ಟಣಕ್ಕೆ ಕಣ್ಣು ಮಿಟುಕುಸ್ತಾರಾ?"

ಮದಲೂರು: ನಗೋರು ಯಾರು?

ಕಾಂಪ್ಯಾಕ್ಟು ಆ ಕಣ್ಣು ಮಿಟುಕಿಸೋ ಪ್ರಶ್ನೆ ಕೇಳೋದನ್ನ ನಿಲ್ಲಿಸೋಕೆ ಅಂತ ಬಸ್ಸಲ್ಲಿ ಕೂತು ಅದರ ಗುಂಡಿಗಳನ್ನೆಲ್ಲ ಒತ್ತಿದೆ. ಅದು ನಿಂತು ಇನ್ನೊಂದು ಶುರುವಾಗಿತ್ತು. ಅದು ನನಗೆ ಗೊತ್ತಾಗಿದ್ದು ಶಿರಾ ತಾಲ್ಲೂಕಿನ ಮದಲೂರಲ್ಲಿ, ಒಬ್ಬ ಅಜ್ಜನ ಹೆಣದ ಮುಂದೆ.

ಅಜ್ಜನಿಗೆ ಮೂರು ಗಂಡುಮಕ್ಕಳು. ಜಮೀನಿನ ಪತ್ರ ಎಲ್ಲಿಟ್ಟಿದ್ದೀನಿ ಅಂತ ಹೇಳದೇನೇ ಅಜ್ಜ ಹೊರಟುಹೋಗಿದ್ದ. ಮೂವರೂ ಹೆಣದ ಹತ್ರ ಕೂತು ಅಳೋರು, ಸರತಿ ಮೇಲೆ ಒಳಗೆ ಹೋಗಿ ಟ್ರಂಕು ತಡಕೋರು, ಮತ್ತೆ ಬಂದು ಅಳೋರು. ಅಂತೂ ಮೂವರನ್ನೂ ಒಟ್ಟಿಗೆ ಕೂರಿಸಿ ಗುಂಡಿ ಒತ್ತಿದೆ. ಫೋಟೋ ಬೀಳಲಿಲ್ಲ. ಮತ್ತೆ ಒತ್ತಿದೆ, ಇಲ್ಲ. ಈ ಕಾಂಪ್ಯಾಕ್ಟಿಗೆ ಕಣ್ಣಿಟ್ಟು ನೋಡೋ ಕಿಂಡಿ ಇಲ್ಲ. ಎರಡೂ ಕೈ ಮುಂದಕ್ಕೆ ಚಾಚಿ ಪರದೆ ನೋಡ್ತಾ ನಿಲ್ಲಬೇಕು. ತೂಕ ಇಲ್ಲ ಅಂತ ತಂದಿದ್ದೆ. ಚಾಚಿದ ಕೈ ಇನ್ನೂ ಜಾಸ್ತಿ ನಡುಗುತ್ತೆ ಅಂತ ಆಗ ಗೊತ್ತಾಯ್ತು.

ದೊಡ್ಡ ಮಗ ನೋಡೇಬಿಟ್ಟ. "ಯಾಕಣ್ಣ, ಕೈ ಅಂಗೆ ನಡುಗ್ತದೆ?"

ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ದುಃಖ ಕಣಪ್ಪ. ತಡ್ಕಳಕ್ಕಾಗ್ತಿಲ್ಲ."

ಜೀವಮಾನದಲ್ಲಿ ಆ ಅಜ್ಜನ ಮುಖ ನಾನು ನೋಡಿರಲಿಲ್ಲ. ಆದರೆ ಹೆಂಗಸರೆಲ್ಲ "ನೋಡ್ರಮ್ಮ, ಹೊರಗಿನೋನಾದ್ರೂ ಎಷ್ಟು ಸಂಕ್ಟ ಪಡ್ತಾ ಅವ್ನೆ" ಅಂತ ಇನ್ನೂ ಜೋರಾಗಿ ಅತ್ತರು. ನಡುವಿನ ಮಗ ನನಗೆ ಕುಡಿಯೋಕೆ ನೀರು ತಂದ್ಕೊಟ್ಟ. ಅವತ್ತು ಬಚಾವಾದೆ, ಆದರೆ ಎಷ್ಟು ಮನೇಲಿ ಅಂತ ದುಃಖಪಡೋದು?

ಅಷ್ಟರಲ್ಲಿ ಯಾರೋ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಅಜ್ಜನ ಗದ್ದಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದ್ರು. ತುಟಿ ಸಡಿಲವಾಗಿ ಹಲ್ಲು ಕಾಣಿಸ್ತು. ಕಾಂಪ್ಯಾಕ್ಟು ತಾನೇ ತಾನಾಗಿ ಟಪ್ ಟಪ್ ಟಪ್ ಅಂತ ಹೊಡ್ಕೊಳ್ಳೋಕೆ ಶುರುಮಾಡ್ತು. ಪರದೆ ನೋಡಿದ್ರೆ ಮೂಲೆಯಲ್ಲೊಂದು ನಗುಮುಖದ ಗುರುತು. ಯಾರಾದ್ರೂ ನಕ್ಕರೆ ಮಾತ್ರ ಫೋಟೋ ತೆಗೆಯೋ ಮೋಡ್‌ಗೆ ಬಸ್ಸಲ್ಲಿ ನಾನೇ ಗೊತ್ತಿಲ್ದೆ ಹಾಕಿಟ್ಟಿದ್ದೆ. ಅಷ್ಟು ಜನರಲ್ಲಿ ಅದಕ್ಕೆ ನಗ್ತಾ ಕಂಡೋನು ಅಜ್ಜ ಒಬ್ಬನೇ.

ಬೇರೆ ದಾರಿ ಇಲ್ಲದೆ ವಿಷಯ ಹೇಳಿದೆ. ಕಿರಿಮಗ ಪರದೆಯಲ್ಲಿ ಅಪ್ಪನ ಮುಖವನ್ನ ತುಂಬಾ ಹೊತ್ತು ನೋಡಿದ.

"ನಗ್ದೆ ಇನ್ನೇನು ಮಾಡ್ತಾನೆ? ಟ್ರಂಕಲ್ಲಿಲ್ಲ ಕಣ್ರೋ ಪತ್ರ!"

ಪಾವಗಡ: ಬೆಳಕು ಹುಡುಕಿದ್ದು

ಸಾಕಪ್ಪ ಈ ಜೇಬಿನ ಸಹವಾಸ ಅಂತ ಪಾವಗಡದ ಒಬ್ಬ ಯಜಮಾನ್ರ ಸಾವಿಗೆ ಮಿರರ್‌ಲೆಸ್ ತಗೊಂಡೋದೆ. ಕಿಂಡಿಗೆ ಕಣ್ಣಿಟ್ಟು, ಹಣೆಗೆ ಒತ್ತಿ ಹಿಡಿದು, ಮೊಣಕೈ ಎರಡೂ ಪಕ್ಕೆಗೆ ಅಮುಕಿದ್ರೆ ನಡುಕ ಎಷ್ಟೋ ಕಮ್ಮಿ. ಖುಷಿಯಾಯ್ತು. ಸಾವಿನ ಮನೆಯಲ್ಲಿ ಹಂಗೆ ಹೇಳಬಾರದು, ಆದ್ರೂ ಆಯ್ತು. ಸ್ಟ್ಯಾಂಡ್ ಹಾಕ್ಕೋಬಹುದಿತ್ತಲ್ಲ ಅಂತೀರಾ? ಹಿಂದೆ ಒಂದ್ಸಲ ಹಾಕಿದ್ದೆ. ಅಳ್ತಾ ಓಡಿಬಂದ ಅಜ್ಜಿ ಹೆಣ ಬಿಟ್ಟು ಸ್ಟ್ಯಾಂಡನ್ನೇ ತಬ್ಕೊಂಡು ಬಿದ್ದಿದ್ರು.

ತೊಂದರೆ ಏನಂದ್ರೆ ಫ್ಲಾಶ್ ಇಲ್ಲ, ಅವರ ನಡುಮನೆಯಲ್ಲಿ ಕಿಟಕಿಯೂ ಇಲ್ಲ. ಕರೆಂಟು ಹೋಗಿತ್ತು. "ಚೀಕಟಿ ಅನ್ನಾ, ಏಂ ಕನಪಡಲ್ಲಾ" ಅಂತ ಮನೆಯೋರೇ ತೆಲುಗಲ್ಲಿ ಅಂದ್ರು. ಕತ್ತಲು, ಏನೂ ಕಾಣ್ತಿಲ್ಲ ಅಂತ. ಸರಿ, ಕುರ್ಚಿ ಸಮೇತ ಯಜಮಾನ್ರನ್ನ ಎತ್ಕೊಂಡು ಪಡಸಾಲೆಗೆ ಬಂದ್ವಿ. ಅಲ್ಲಿ ಅರ್ಧ ಮುಖ ಕಪ್ಪು. ಜಗಲಿಗೆ ಬಂದ್ವಿ. ಸೂರ್ಯ ಬೆನ್ನ ಹಿಂದೆ. "ಇನ್ನೊಂದು ಸ್ವಲ್ಪ ಮುಂದೆ, ಈ ಕಡೆ ತಿರುಗಿಸಿ" ಅಂತ ಹೇಳ್ತಾ ಹೇಳ್ತಾ ಬೀದಿಗೆ ಇಳಿಸಿಬಿಟ್ಟೆ. ಬೆಳಕು ಬೆಣ್ಣೆಯಂಗೆ ಬಿತ್ತು. ಎಲ್ಲಾ ಸರಿಹೋಯ್ತು ಅಂತ ತಲೆ ಎತ್ತಿದ್ರೆ ಯಾರ ಮುಖದಲ್ಲೂ ರಕ್ತ ಇಲ್ಲ. ಹೆಣ ಎದುರುಮನೆ ಬಾಗಿಲಿಗೆ ಮುಖ ಮಾಡಿ ಕೂತಿತ್ತು. ಅದು ಅವರ ತಮ್ಮನ ಮನೆ. ಒಂದು ಗೋಡೆ ಜಗಳಕ್ಕೆ ಅಣ್ಣತಮ್ಮಂದಿರು ಹದಿನೆಂಟು ವರ್ಷದಿಂದ ಮಾತು ಬಿಟ್ಟಿದ್ರಂತೆ. ಸತ್ತ ಸುದ್ದಿ ಗೊತ್ತಿದ್ರೂ ತಮ್ಮ ಬಾಗಿಲು ಹಾಕ್ಕೊಂಡು ಒಳಗೇ ಕೂತಿದ್ದ.

ಗದ್ದಲಕ್ಕೆ ಬಾಗಿಲು ತೆರೀತು. ತಮ್ಮ ಹೊಸ್ತಿಲ ಮೇಲೆ ನಿಂತ. ಎದುರಿಗೆ ವಿಭೂತಿ ಬಳ್ಕೊಂಡು, ಹಾರ ಹಾಕ್ಕೊಂಡು ಅಣ್ಣ.

"ಅನ್ನಾ, ನುವ್ವೇ ವಚ್ಚಿನಾವಾ? ನೀನೇ ಬಂದ್ಯಾ?" ಅಂದೋನೇ ಅವರ ಕಾಲ್ಮೇಲೆ ಬಿದ್ದ. ಎಬ್ಬಿಸೋಕೆ ನಾಲ್ಕು ಜನ ಬೇಕಾಯ್ತು. ಎಲ್ಲರೂ ಅತ್ತರು, ನಾನೂ ಅತ್ತೆ, ಈ ಸಲ ನಿಜವಾಗ್ಲೂ. ತಮ್ಮ ಅಣ್ಣನ ಪಕ್ಕದಲ್ಲೇ ಕೂತು ಫೋಟೋ ತೆಗೆಸ್ಕೊಂಡ.

ಅವರ ವಯಸ್ಸಾದ ಅಕ್ಕ ಒಬ್ಬರು ಇದನ್ನೆಲ್ಲ ಕಂಬಕ್ಕೊರಗಿ ನೋಡ್ತಾ ಇದ್ರು. "ಸತ್ರೂ ಅವನ ಬಾಗ್ಲಿಗೆ ಹೋಗಲ್ಲ ಅಂತಿದ್ದ ಇವನು" ಅಂದ್ರು ನನಗೆ. "ಮಾತಿಗೆ ತಪ್ಪಿದ್ದು ಇದೇ ಮೊದಲು."

ಪುರವರ: ಮುಂಗಡ ಫೋಟೋ

ಸಾಹೇಬ್ರು ಕೊಟ್ಟ ಹದಿನೈದು ದಿನದಲ್ಲಿ ಹದಿಮೂರನೇ ದಿನಕ್ಕೆ ಬಂದಿದ್ದೆ. ಮಿರರ್‌ಲೆಸ್ಸಲ್ಲಿ ಫೋಟೋ ಚೆನ್ನಾಗಿ ಬರ್ತಿತ್ತು, ನಿಜ. ಆದ್ರೆ ಅರ್ಧ ಗಂಟೆ ಹಿಡಿದ್ರೆ ಆ ಭಾರಕ್ಕೆ ಕೈ ಸೋತು, ಕ್ಯಾಮೆರಾ ಇಳಿಸಿದ ಮೇಲೆ ಎಲ್ಲರ ಎದುರಿಗೇ ಗಡಗಡ ನಡುಗೋದು. ಕಾಂಪ್ಯಾಕ್ಟಲ್ಲಿ ಕೈ ಸೋಲಲ್ಲ, ಫೋಟೋನೇ ನಡುಗುತ್ತೆ. ಯಾವುದನ್ನ ಇಟ್ಕೊಂಡ್ರೆ ನನ್ನ ಗುಟ್ಟು ಉಳಿಯುತ್ತೆ ಅಂತ ತಲೆ ಕೆಟ್ಟು ಕೂತಿದ್ದಾಗ ಪುರವರದಿಂದ ಮೇಷ್ಟ್ರು ಫೋನ್ ಮಾಡಿದ್ರು. ಏಳನೇ ಕ್ಲಾಸಲ್ಲಿ ನನಗೆ ಪಾಠ ಹೇಳಿದೋರು. ಎಂಬತ್ತು ದಾಟಿದೆ, ಗುಂಡುಕಲ್ಲಿನಂಗಿದಾರೆ.

"ಒಂದು ಹೆಣದ ಫೋಟೋ ತೆಗೀಬೇಕು ಬಾರ್ಲಾ."

"ಯಾರು ಹೋದ್ರು ಮೇಷ್ಟ್ರೆ?"

"ಯಾರೂ ಹೋಗಿಲ್ಲ ಕಣ್ಲಾ, ನಂದೇ."

ಹೋದ್ರೆ ನಿಜವಾಗ್ಲೂ ವಿಭೂತಿ ಬಳ್ಕೊಂಡು, ಹಾರ ಹಾಕ್ಕೊಂಡು, ಮಡಿಪಂಚೆ ಉಟ್ಕೊಂಡು ತಯಾರಾಗಿ ಕೂತಿದ್ರು. ಹೆಂಡತಿ ಇದ್ರೆ ಇಂಥ ಅನಿಷ್ಟಕ್ಕೆ ಬಿಡಲ್ಲ ಅಂತ, ಅವರು ಹಿಟ್ಟಿನ ಮಿಲ್ಲಿಗೆ ಹೋದ ಹೊತ್ತು ನೋಡಿ ನನ್ನನ್ನ ಕರೆಸಿದ್ರು. ಅವರಣ್ಣನ ಕೊನೇ ಫೋಟೋದಲ್ಲಿ ಬಾಯಿ ತೆರೆದು, ಮೂಗಿನ ಹತ್ತಿ ಅರ್ಧ ಹೊರಗೆ ಬಂದು, ಕತ್ತು ಒಂದು ಕಡೆ ವಾಲಿತ್ತಂತೆ.

"ಮೂವತ್ತಾರು ವರ್ಷ ಮಕ್ಕಳಿಗೆ ನೆಟ್ಟಗೆ ಕೂತ್ಕಳ್ರೋ ಅಂತ ಬೆತ್ತ ಹಿಡಿದೋನು ಕಣ್ಲಾ ನಾನು. ನನ್ನ ಕೊನೇ ಫೋಟೋದಲ್ಲಿ ಸೊಟ್ಟಗೆ ಕೂರ್ಲಾ? ಈಗ್ಲೇ ತೆಗೆದಿಡು. ಸತ್ತಾಗ ಇದನ್ನೇ ಕೊಡು."

ಗೋಡೆಗೆ ಒರಗಿ ಕಣ್ಣು ಮುಚ್ಚಿದ್ರು. ಮೊದಲು ಕಾಂಪ್ಯಾಕ್ಟಲ್ಲಿ ಎರಡು ತೆಗೆದೆ, ಎರಡೂ ಅಲ್ಲಾಡಿದ್ವು. ಒಂದೊಂದಕ್ಕೂ ಟಪ್ ಅಂದ ಕೂಡಲೇ ಮೇಷ್ಟ್ರು ಕಣ್ಣು ಬಿಟ್ಟು "ಆಯ್ತೇನ್ಲಾ?" ಅನ್ನೋರು. ಮಿರರ್‌ಲೆಸ್ ತೆಗೆದೆ. ಅದರ ಸದ್ದು ನಾನೇ ನಿಲ್ಲಿಸಿಟ್ಟಿದ್ದೆ, ಒತ್ತಿದ್ರೂ ಒತ್ತಲಿಲ್ಲವೇನೋ ಅನ್ನಬೇಕು. "ನಾನು ಆಯ್ತು ಅನ್ನೋವರ್ಗೂ ಕಣ್ಣು ಬಿಡಬೇಡಿ ಮೇಷ್ಟ್ರೆ" ಅಂದೆ. ಅವರು ಉಸಿರು ಬಿಗಿಹಿಡಿದು ಕೂತ್ರು. ಇಷ್ಟರಲ್ಲಿ ಒಂದಾದ್ರೂ ನೆಟ್ಟಗೆ ಬಂದೀತು ಅಂತ ನಾನು ಒತ್ತುತ್ತಾ ಹೋದೆ.

ಮಜ್ಜಿಗೆ ಹೆಪ್ಪು ಕೇಳೋಕೆ ಅಂತ ಪಕ್ಕದ ಮನೆಯಾಕೆ ಲೋಟ ಹಿಡ್ಕೊಂಡು ಬಂದ್ಲು. ಮೇಷ್ಟ್ರನ್ನ ನೋಡಿದ್ಲು, ನನ್ನನ್ನ ನೋಡಿದ್ಲು. ನಾನು ಯಾಕೆ ಬರ್ತೀನಿ ಅಂತ ಆ ಊರಿಗೆಲ್ಲ ಗೊತ್ತು. ಲೋಟ ಬಿಸಾಕಿ "ಅಯ್ಯಯ್ಯೋ ಮೇಷ್ಟ್ರು ಹೋಗ್ಬುಟ್ರಲ್ರೋ!" ಅಂತ ಕೂಗಿದ್ಲು ನೋಡಿ, ಐದು ನಿಮಿಷದಲ್ಲಿ ಅರ್ಧ ಊರು ಮನೆಯೊಳಗೆ.

"ಬದುಕವ್ರೆ ಕಣಮ್ಮ" ಅಂದೆ. "ಪಾಪ, ಶಿಷ್ಯ. ನಂಬಕ್ಕೇ ಆಗ್ತಿಲ್ಲ ಅವನಿಗೆ" ಅಂತ ಒಬ್ಬರು ನನ್ನನ್ನ ತಬ್ಕೊಂಡು ಅತ್ತರು. "ಮೇಷ್ಟ್ರೆ, ಏಳಿ!" ಅಂತ ಕಿರಿಚಿದೆ. "ಏಳಿ ಮೇಷ್ಟ್ರೆ, ಏಳಿ!" ಅಂತ ಎಲ್ಲರೂ ಎದೆ ಬಡ್ಕೊಂಡು ನನ್ನ ಜೊತೆ ದನಿ ಸೇರಿಸಿದ್ರು. ಮೇಷ್ಟ್ರು ಏಳಲೇ ಇಲ್ಲ. ತಮ್ಮ ಬಗ್ಗೆ ಜನ ಆಡ್ತಿದ್ದ ಒಳ್ಳೇ ಮಾತೆಲ್ಲ ಕೇಳಿಸ್ಕೊಂಡು ಹಾಯಾಗಿ ಕೂತಿದ್ರು. ಮೀಸೆ ತುದಿ ಅಲ್ಲಾಡಿದ್ದು ನನ್ನೊಬ್ಬನಿಗೇ ಕಾಣ್ತು.

ಅಷ್ಟು ಹೊತ್ತು ಹಿಡಿದು ನನ್ನ ಕೈ ಸೋತುಹೋಗಿತ್ತು. ಡೈರಿ ಸೆಕ್ರೆಟರಿ ನೋಡಿದ. "ಲೇ, ಅವನ ಕೈ ನೋಡ್ರೋ! ಎಲೆ ಅಲ್ಲಾಡ್ದಂಗೆ ಅಲ್ಲಾಡ್ತದೆ."

"ದುಃಖ…" ಅನ್ನೋಕೆ ಹೋದೆ.

"ಯಾವ ದುಃಖಾನೂ ಅಲ್ಲ, ಇದು ನಡುಕದ ಕಾಯಿಲೆ. ನಮ್ಮ ಮಾವನಿಗೂ ಇಂಗೇ ಇತ್ತು. ಇವನು ತೆಗೆದ್ರೆ ಫೋಟೋ ಬಂದಂಗೇ! ತುಮಕೂರಿಂದ ಬೇರೆಯೋನ್ನ ಕರ್ಸ್ರಿ. ಇನ್ಮೇಲೆ ಇವನ್ನ ಯಾರೂ ಕರೀಬ್ಯಾಡ್ರಿ."

ಅಳು ನಿಂತು ಎಲ್ಲರೂ ನನ್ನ ಕೈ ನೋಡಿದ್ರು. ಎರಡು ವರ್ಷ ಮುಚ್ಚಿಟ್ಟಿದ್ದು ಎರಡು ನಿಮಿಷದಲ್ಲಿ ಬಯಲಾಯ್ತು. ಕೈಯನ್ನ ಜೇಬಿಗೆ ಹಾಕ್ಕೋಣ ಅಂದ್ರೆ ಕ್ಯಾಮೆರಾ ಹಿಡಿದಿದ್ದೀನಿ. ನಾಚಿಕೆಯಿಂದ ನೆಲಕ್ಕೆ ಇಳಿದು ಹೋದೆ. ನನ್ನ ಕಥೆ ಇಲ್ಲಿಗೆ ಮುಗೀತು ಅಂದ್ಕೊಂಡು, ಮುಖ ಮುಚ್ಚಿಕೊಳ್ಳೋಕೆ ಅಂತ ಕಿಂಡಿಗೆ ಕಣ್ಣಿಟ್ಟೆ.

ಮೇಷ್ಟ್ರು ಕಣ್ಣು ಬಿಟ್ರು.

"ಲೇ! ಅವನ ಕೈ ನಡುಗಿದ್ರೆ ನಿಮಗೇನ್ರೋ ಕಷ್ಟ? ಹೆಣ ನಾನು, ನಾನು ನೆಟ್ಟಗೆ ಕೂತಿಲ್ವಾ?"

ಡೈರಿ ಸೆಕ್ರೆಟರಿ ಬಾಗಿಲು ಹುಡುಕಲಿಲ್ಲ, ಕಿಟಕಿಗೆ ಹೋದ. ಕಂಬಿ ಇತ್ತು. ಹೆಪ್ಪಿಗೆ ಬಂದಾಕೆ ಒಂದು ಚಪ್ಪಲಿ ಬಿಟ್ಟು ಓಡಿದ್ಲು. ಹೆದರಿಕೆಗೆ ನಾನು ಗುಂಡಿ ಅಮುಕಿಬಿಟ್ಟಿದ್ದೆ. ಆಮೇಲೆ ನೋಡಿದ್ರೆ ಆ ಗಳಿಗೆಯ ಫೋಟೋ ಬಿದ್ದಿತ್ತು. ಊರಿನೋರೆಲ್ಲ ಅಲ್ಲಾಡಿ ಮಸುಕಾಗಿದ್ರು, ಮೇಷ್ಟ್ರು ಒಬ್ಬರು ಮಾತ್ರ ಬೆರಳು ಎತ್ತಿ ಬೈತಾ, ಒಂದೊಂದು ಮೀಸೆ ಕೂದಲೂ ಎಣಿಸೋ ಹಂಗೆ ಬಂದಿದ್ರು. ಅವರು ಅದನ್ನ ಎಷ್ಟೋ ಹೊತ್ತು ನೋಡಿ, "ಇದನ್ನೇ ದೊಡ್ಡದು ಮಾಡ್ಸು, ಇದೇ ನನ್ನ ಕೊನೇ ಫೋಟೋ" ಅಂದ್ರು. ಹಿಟ್ಟಿನ ಡಬ್ಬ ಹೊತ್ಕೊಂಡು ಬಂದ ಅವರ ಹೆಂಡತಿ ನಮ್ಮಿಬ್ಬರಿಗೂ ಮಾಡಿದ ಮಂಗಳಾರತಿ ಇಲ್ಲಿ ಬರೆಯೋ ಹಂಗಿಲ್ಲ.

ಕಾಂಪ್ಯಾಕ್ಟು ತುಮಕೂರಿಗೆ ವಾಪಸ್ ಹೋಯ್ತು. ನನ್ನ ಕೈ ವಿಷಯ ಸಂಜೆಯೊಳಗೆ ನಾಲ್ಕೂ ತಾಲ್ಲೂಕಿಗೆ ತಲುಪ್ತು. ಆದರೆ ಅದರ ಜೊತೆಗೆ ಇನ್ನೊಂದು ಸುದ್ದಿಯೂ ಹೊರಟಿತ್ತು: ಅವನು ಫೋಟೋ ತೆಗೆದ್ರೆ ಒಂದೊಂದ್ಸಲ ಎದ್ದು ಕೂತ್ಕೊಂತಾರಂತೆ! ಫೋನು ನಿಲ್ಲಲಿಲ್ಲ. ಈಗ ನಾನು ಗುಂಡಿ ಒತ್ತೋವಾಗ ಯಾರೂ ನನ್ನ ಕೈ ನೋಡಲ್ಲ. ಎಲ್ಲರೂ ಉಸಿರು ಹಿಡ್ಕೊಂಡು ಸತ್ತವರ ಮುಖ ನೋಡ್ತಿರ್ತಾರೆ. ಯಾರೂ ಇದುವರೆಗೆ ಎದ್ದಿಲ್ಲ. ಒತ್ತಿದ ಮೇಲೆ ಒಂದು ಗಳಿಗೆ ನಾನೂ ನೋಡ್ತೀನಿ, ಸುಳ್ಳು ಯಾಕೆ ಹೇಳ್ಲಿ.

ಮೊನ್ನೆ ಪಟ್ಟನಾಯಕನಹಳ್ಳಿ ಕಡೆ ಒಂದು ಮನೆಯಲ್ಲಿ ಅತ್ತೆ ತೀರ್ಕೊಂಡಿದ್ರು. ತೊಂಬತ್ತು ವರ್ಷ, ಬಾಯಿ ಬಲು ಜೋರಂತೆ. ಎಲ್ಲರೂ ಕೂತು, ನಾನು ಮಿರರ್‌ಲೆಸ್ ಹಣೆಗೆ ಒತ್ತಿ ಇನ್ನೇನು ತೆಗೀಬೇಕು, ಅಷ್ಟರಲ್ಲಿ ಸೊಸೆ ಸರಕ್ಕನೆ ಎದ್ದು ಬಂದು ನನ್ನ ಕೈ ಹಿಡ್ಕೊಂಡ್ಲು. ಕಿವಿ ಹತ್ರ ಬಂದು ಮೆಲ್ಲಗೆ ಅಂದ್ಲು:

"ಅಣ್ಣಾ, ಇದ್ರಲ್ಲಿ ಬ್ಯಾಡ, ಎದ್ದುಗಿದ್ದಾರು. ಚಿಕ್ಕದೊಂದಿತ್ತಂತಲ್ಲ, ಅದ್ರಲ್ಲೇ ತೆಗೆದ್ಬುಡಿ."